ದನದ ಡಾಕ್ಟ್ರ ಋಣ ತೀರಿಸುವುದು ಹೇಗೆ?

ಡಾಕ್ಟ್ರಿಗೆ ಕೃತಜ್ಞತೆ ಹೇಳಲು ಶಾಲು, ಹಾರ, ಫಲಕವೇ ಆಗಬೇಕೆಂದಿಲ್ಲ. ಒಂದು ಬಕೆಟ್ ಬಿಸಿನೀರು, ಒಂದು ನೋಟ್‌ಬುಕ್ಕು, ಒಂದು ಕಾಗದ ಸಾಕು. ಊರಿಗೆ ಊರೇ ಸೈಟಾಗುತ್ತಿರುವ ಬೆಂಗಳೂರಿನ ಅಂಚಿನಲ್ಲಿ ಇನ್ನೂ ಹಸು ಕಟ್ಟಿಕೊಂಡಿರುವ ನಮ್ಮಂಥವರು ಇದನ್ನು ಯೋಚಿಸಬೇಕಾಗಿದೆ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯ ಎಂದರೆ ಹೊರಗಿನವರಿಗೆ ಗಾಜಿನ ಕಟ್ಟಡ, ಕಾರ್ಖಾನೆ ಶೆಡ್ಡು, ಟ್ರಾಫಿಕ್ಕು. ಆದರೆ ಎಲೆಕ್ಟ್ರಾನಿಕ್ ಸಿಟಿ ಎದ್ದಿರುವುದು ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ ನೆಲದಲ್ಲಿ. 1970ರ ದಶಕದ ಕೊನೆಗೆ ಕಿಯೋನಿಕ್ಸ್ ಅದಕ್ಕೆಂದು ಪಡೆದದ್ದು 332 ಎಕರೆ. ಆಮೇಲೆ ರಾಗಿ ಹೊಲ ಹೋಯ್ತು, ಗೋಮಾಳ ಹೋಯ್ತು, ಕೆರೆಯಂಗಳವೂ ಸಣ್ಣದಾಯ್ತು. ಆದರೂ ಆನೇಕಲ್, ಸರ್ಜಾಪುರ, ವರ್ತೂರು, ಹೆಸರಘಟ್ಟದ ಕಡೆ ಬೆಳಿಗ್ಗೆ ಕ್ಯಾನು ಹಿಡಿದು ಡೇರಿಗೆ ಹೋಗುವವರು ಇನ್ನೂ ಇದ್ದಾರೆ. ಎರಡು ಸೀಮೆ ಹಸು, ಒಂದು ಕರು, ಹಿತ್ತಿಲಲ್ಲಿ ನಾಲ್ಕು ಸಾಲು ನೇಪಿಯರ್ ಹುಲ್ಲು, ಬಾಗಿಲಲ್ಲಿ ಒಂದು ನಾಯಿ. ಅನೇಕರ ಪಾಲಿಗೆ ವ್ಯವಸಾಯ ಅಂತ ಉಳಿದಿರುವುದು ಇಷ್ಟೇ.

ಇಷ್ಟು ಉಳಿದಿರುವುದಕ್ಕೂ ಒಂದು ಆಸರೆ ಬೇಕು. ಆ ಆಸರೆ ಪಶುವೈದ್ಯರು. ಹೊಲ ಕೈತಪ್ಪಿದವನಿಗೆ ಹಸುವೇ ಆಸ್ತಿ. ಒಂದು ಹಸು ಸತ್ತರೆ ಲಕ್ಷದ ಹತ್ತಿರ ನಷ್ಟ, ಅದರ ಮೇಲಿನ ಸಾಲ ಬೇರೆ. ಆ ಹಸು ಉಳಿಸಿದವರಿಗೆ ನಾವು ಏನು ಕೊಡುತ್ತೇವೆ? ಬಹಳ ಸಲ ಒಂದು ಲೋಟ ಟೀ. ಕೆಲವು ಸಲ ಅದೂ ಇಲ್ಲ.

ಒಂದು ಬಾಟ್ಲಿ, ಒಂದು ಗಂಟೆ

ಡಾಕ್ಟ್ರ ಕೆಲಸ ಏನೆಂದು ಕಣ್ಣಾರೆ ನೋಡಬೇಕಾದರೆ ಹಾಲು ಜ್ವರ ಬಂದ ಹಸುವನ್ನು ನೋಡಬೇಕು. ಹೆಸರಿನಲ್ಲಿ ಜ್ವರ, ಮೈ ಮಾತ್ರ ತಣ್ಣಗೆ. ನಮ್ಮ ಮೂರನೇ ಸೂಲಿನ ಹಸು ಕರು ಹಾಕಿದ ಮಾರನೇ ದಿನ ರಾತ್ರಿ ಮಲಗಿದ್ದು ಏಳಲೇ ಇಲ್ಲ. ಕಿವಿ ತಣ್ಣಗೆ, ಮೂತಿ ಒಣಗಿತ್ತು. ಕತ್ತು ತಿರುಗಿಸಿ ಪಕ್ಕೆಗೆ ಒರಗಿಸಿಕೊಂಡಿತ್ತು. ನನ್ನ ಹೆಂಡತಿ ಫೋನ್ ಹಚ್ಚಿದಳು. ಡಾಕ್ಟ್ರು ಕೇಳಿದ್ದು ಎರಡೇ ಪ್ರಶ್ನೆ: "ಯಾವತ್ತು ಈದಿದ್ದಮ್ಮಾ? ಕತ್ತು ಯಾವ ಕಡೆ ಹಾಕಿದೆ?" ಅಷ್ಟಕ್ಕೇ ಅವರಿಗೆ ಗೊತ್ತಾಯಿತು.

ಗಿಣ್ಣು ಹಾಲಿಗೆ ಒಮ್ಮೆಗೇ ಸುಣ್ಣದಂಶ ಇಳಿಯುತ್ತದೆ. ರಕ್ತದಲ್ಲಿ ಕ್ಯಾಲ್ಸಿಯಂ ಕಡಿಮೆಯಾಗಿ ಸ್ನಾಯುಗಳು ಕೆಲಸ ಮಾಡುವುದಿಲ್ಲ. ಬಾಟ್ಲಿ ಕ್ಯಾಲ್ಸಿಯಂ ಅನ್ನು ನರಕ್ಕೆ ನಿಧಾನವಾಗಿ ಇಳಿಸಬೇಕು. ಬೇಗ ಇಳಿಸಿದರೆ ಹೃದಯ ನಿಂತುಹೋಗಬಹುದು. ಅದಕ್ಕೇ ಡಾಕ್ಟ್ರು ಒಂದು ಕೈಯಲ್ಲಿ ಬಾಟ್ಲಿ, ಇನ್ನೊಂದು ಕೈಯಲ್ಲಿ ಎದೆಗೆ ಸ್ಟೆತಾಸ್ಕೋಪು ಹಿಡಿದು ಸಗಣಿಯಲ್ಲೇ ಕೂತಿದ್ದರು. ಬಾಟ್ಲಿ ಮುಗಿಯುವ ಹೊತ್ತಿಗೆ ಹಸುವಿನ ಮೈಯಲ್ಲಿ ನಡುಕ ಬಂತು, ತೇಗು ಬಂತು, ಸಗಣಿ ಹಾಕಿತು. ಇನ್ನೊಂದು ಸ್ವಲ್ಪ ಹೊತ್ತಿಗೆ ಎದ್ದು ನಿಂತು ಕರುವನ್ನು ಕೂಗಿತು.

ನೋಡಿದವರು "ಮಂತ್ರ ಹಾಕಿದ ಹಾಗೆ" ಎಂದರು. ಡಾಕ್ಟ್ರು ಕೈ ತೊಳೆಯುತ್ತಾ ಹೇಳಿದ್ದು ಬೇರೆ: "ಎರಡು ಮೂರು ದಿನ ಕೆಚ್ಚಲು ಪೂರ್ತಿ ಖಾಲಿ ಮಾಡಬೇಡಿ ಯಜಮಾನ್ರೇ. ಕರುವಿಗೆ ಗಿಣ್ಣು ತಪ್ಪಿಸಬೇಡಿ." ಆ ಮಾತನ್ನು ನಾವು ಪಾಲಿಸಿದ್ದರಿಂದ ಎರಡನೇ ಸಲ ಅವರು ಬರಬೇಕಾಗಲಿಲ್ಲ.

ನನ್ನ ಲೆಕ್ಕದಲ್ಲಿ ಡಾಕ್ಟ್ರಿಗೆ ಸಲ್ಲುವ ಮೊದಲ ಕೃತಜ್ಞತೆ ಅದೇ. ಹೇಳಿದ್ದನ್ನು ಹೇಳಿದ ಹಾಗೆ ಮಾಡುವುದು.

ಹಿಂದಿನವರ ಋಣ

ಪಶುವೈದ್ಯಕ್ಕೂ ನಮ್ಮ ಬೆಂಗಳೂರಿಗೂ ಹಳೆಯ ನಂಟು. ನಮ್ಮ ಅಜ್ಜಂದಿರ ಕಾಲದಲ್ಲಿ ದನಗಳಿಗೆ ದೊಡ್ಡ ರೋಗ ಬಂದರೆ ಹಟ್ಟಿಗೆ ಹಟ್ಟಿಯೇ ಖಾಲಿ. ಬಾಯಿ ಹುಣ್ಣು, ಭೇದಿ, ವಾರದೊಳಗೆ ಸಾವು. ಅದಕ್ಕೆ ಮದ್ದು ತಯಾರಿಸಲು 1925ರಲ್ಲಿ ಹೆಬ್ಬಾಳದಲ್ಲಿ ಮೈಸೂರು ಸೀರಂ ಇನ್‌ಸ್ಟಿಟ್ಯೂಟ್ ಶುರುವಾಯಿತು. ಇವತ್ತು ಅದು ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ. ಪಕ್ಕದಲ್ಲೇ 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಊರೂರು ಸುತ್ತಿ ದನಕ್ಕೆ ಸೂಜಿ ಹಾಕಿದವರ ದುಡಿಮೆಯಿಂದ 2006ರಲ್ಲಿ ಭಾರತ ದೊಡ್ಡ ರೋಗದಿಂದ ಮುಕ್ತ ಎನಿಸಿಕೊಂಡಿತು. 2011ರಲ್ಲಿ ಇಡೀ ಪ್ರಪಂಚವೇ ಮುಕ್ತವಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದಲೇ ಅಳಿಸಿಹೋದ ಎರಡನೇ ರೋಗ ಇದು. ಇವತ್ತಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ. ಪಶುವೈದ್ಯರ ಕೆಲಸ ಚೆನ್ನಾಗಿ ಆಗಿದೆ ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಆಡುಗೋಡಿಯ ಡೇರಿ ಸಂಸ್ಥೆ 1923ರದು. 1927ರಲ್ಲಿ ಬೆಂಗಳೂರಿಗೆ ವಿಶ್ರಾಂತಿಗೆಂದು ಬಂದ ಗಾಂಧೀಜಿ ಅಲ್ಲಿಗೆ ಹೋಗಿ ದನ ಸಾಕುವ ಪಾಠ ಕಲಿತರು. ಪೀಣ್ಯದಿಂದ ಆಚೆ ಹೆಸರಘಟ್ಟದಲ್ಲಿ 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಪ್ಪುಗಟ್ಟಿಸಿದ ವೀರ್ಯ ತಯಾರಿಸುವ ಕೇಂದ್ರ ಬಂತು. ನಮ್ಮ ಕೊಟ್ಟಿಗೆಯ ಸೀಮೆ ಹಸುಗಳ ಹಿಂದೆ ಇಂಥ ಕೆಲಸದ ಕಥೆ ಇದೆ.

ಅಂಚಿನ ಊರಿನ ರೋಗಗಳೇ ಬೇರೆ

ಮಲೆನಾಡಿನ ಡಾಕ್ಟ್ರು ನೋಡುವ ಕಾಯಿಲೆಗೂ ಇಲ್ಲಿ ನೋಡುವುದಕ್ಕೂ ವ್ಯತ್ಯಾಸ ಇದೆ. ಇಲ್ಲಿನದು ಪೇಟೆ ಕೊಟ್ಟ ಕಾಯಿಲೆ.

ಒಂದು, ಛತ್ರದ ಅನ್ನ. ಮದುವೆ ಮುಗಿದ ಮೇಲೆ ಉಳಿದ ಅನ್ನ, ಪಾಯಸ, ಪೂರಿಯನ್ನು "ಪಾಪ, ಹಸು ತಿನ್ನಲಿ" ಎಂದು ತಂದು ಸುರಿಯುತ್ತಾರೆ. ಹುಲ್ಲು ಅರಗಿಸುವ ಹೊಟ್ಟೆಗೆ ಒಂದೇ ಸಲ ಅನ್ನ ತುಂಬಿದರೆ ಹುಳಿಯಾಗುತ್ತದೆ. ಹಸು ಮೆಲುಕು ನಿಲ್ಲಿಸುತ್ತದೆ, ಹೊಟ್ಟೆಯಲ್ಲಿ ನೀರು ಕುಲುಕಿದ ಸದ್ದು, ನಾರುವ ಭೇದಿ, ತೂರಾಡುವ ನಡಿಗೆ. ತಡ ಮಾಡಿದರೆ ಉಳಿಯುವುದಿಲ್ಲ.

ಎರಡು, ಮೊಳೆ ಮತ್ತು ತಂತಿ. ಕಾರ್ಖಾನೆ ಸುತ್ತಲಿನ ಹುಲ್ಲಿನಲ್ಲಿ, ಕಟ್ಟಡದ ಕೆಲಸ ನಡೆಯುವಲ್ಲಿ ಇದು ಇದ್ದೇ ಇರುತ್ತದೆ. ಹಸು ನಾಲಿಗೆಯಿಂದ ಬಾಚಿ ನುಂಗುವ ಪ್ರಾಣಿ, ಆಯ್ದು ಉಗುಳುವುದು ಅದಕ್ಕೆ ಬರುವುದಿಲ್ಲ. ಮೊಳೆ ಎರಡನೇ ಹೊಟ್ಟೆಯಲ್ಲಿ ಉಳಿದು, ಮುಂದಕ್ಕೆ ಚುಚ್ಚಿ ಹೃದಯದ ಪೊರೆ ಮುಟ್ಟಬಹುದು. ಇಳಿಜಾರಿನಲ್ಲಿ ಇಳಿಯಲು ಹಿಂಜರಿಯುವುದು, ಮೊಣಕೈ ಅಗಲಿಸಿ ನಿಲ್ಲುವುದು, ಎದೆಯ ಕೆಳಗೆ ಬಾವು ಬರುವುದು ಇದರ ಗುರುತು. ಬಾವು ಬಂದ ಮೇಲೆ ಡಾಕ್ಟ್ರ ಕೈಯಲ್ಲೂ ಹೆಚ್ಚೇನೂ ಇರುವುದಿಲ್ಲ.

ಮೂರು, ಪ್ಲಾಸ್ಟಿಕ್. ತರಕಾರಿ ಸಿಪ್ಪೆಯನ್ನು ಕವರಿನಲ್ಲಿ ಗಂಟು ಕಟ್ಟಿ ಎಸೆದರೆ ಹಸು ಕವರಿನ ಸಮೇತ ನುಂಗುತ್ತದೆ. ಅದು ಕರಗುವುದಿಲ್ಲ, ಹೊರಗೂ ಬರುವುದಿಲ್ಲ. ಹೊಟ್ಟೆ ಕೊಯ್ದು ಮುದ್ದೆ ಮುದ್ದೆ ಹೊರತೆಗೆಯುವ ಆಪರೇಷನ್ ಮಾಡಬೇಕಾಗುತ್ತದೆ.

ಇನ್ನು ಕೊಳಚೆ ನೀರಿನ ಕೆರೆ ಹುಲ್ಲು. ಬೆಳ್ಳಂದೂರು, ವರ್ತೂರು ಕೆರೆಯ ಅಂಚಿನಲ್ಲಿ ಹುಲ್ಲು ಕೊಯ್ದು ಹಸು ಸಾಕಿದವರು ಬಹಳ ಜನ. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಹತ್ತಿದ್ದನ್ನು ಎಲ್ಲರೂ ಪೇಪರಿನಲ್ಲಿ ನೋಡಿದರು. ಅಂಥ ನೀರಿನ ಹುಲ್ಲು ತಿಂದ ಹಸುವನ್ನು ನೋಡುವ ಕೆಲಸ ಡಾಕ್ಟ್ರ ಪಾಲಿಗೆ ಬಂತು.

ಡಾಕ್ಟ್ರು ಬಂದಾಗ ಹಸು ಏನು ತಿಂದಿದೆ ಎನ್ನುವುದನ್ನು ಮುಚ್ಚಿಡದೆ ಹೇಳಬೇಕು. "ಏನೂ ಇಲ್ಲ ಸಾರ್, ಬರೀ ಹುಲ್ಲು" ಎಂದರೆ ಅರ್ಧ ಗಂಟೆ ಹಾಳು, ಕೆಲವೊಮ್ಮೆ ಹಸುವೇ ಹಾಳು. ಮೊದಲು ನಾಟಿ ಔಷಧಿ ಕುಡಿಸಿದ್ದರೆ, ಅಂಗಡಿಯಿಂದ ತಂದು ಸೂಜಿ ಹಾಕಿಸಿದ್ದರೆ ಅದನ್ನೂ ಹೇಳಬೇಕು. ಅವರು ಬೈದರೂ ಚಿಂತೆಯಿಲ್ಲ, ಬೈಸಿಕೊಂಡರಾಯಿತು.

ಡಾಕ್ಟ್ರ ಮೈಯೂ ಮೈಯೇ

ಪಶುವೈದ್ಯರ ಕೆಲಸದಲ್ಲಿ ಅಪಾಯ ಎಷ್ಟಿದೆ ಎಂದು ನಾವು ಯೋಚಿಸುವುದು ಕಡಿಮೆ. ಒದೆತ, ಹಾಯುವುದು, ಕಚ್ಚುವುದು ಕಣ್ಣಿಗೆ ಕಾಣುತ್ತದೆ. ಕಾಣದ್ದು ಇನ್ನೂ ದೊಡ್ಡದು.

ಕಂದು ಹಾಕಿದ ಹಸುವಿನ ಸತ್ತೆ ತೆಗೆಯುವಾಗ ಬ್ರುಸೆಲ್ಲಾ ರೋಗ ಅಂಟಬಹುದು. ತಿಂಗಳುಗಟ್ಟಲೆ ಬಂದು ಹೋಗುವ ಜ್ವರ, ಕೀಲುನೋವು. ಸತ್ತೆಯನ್ನು ಬರಿಗೈಯಲ್ಲಿ ಎತ್ತುವ ನಮಗೂ ಇದು ಬರುತ್ತದೆ. ಹಸು ಕಂದು ಹಾಕಿದ್ದರೆ ಡಾಕ್ಟ್ರು ಕೈ ಹಾಕುವ ಮೊದಲೇ ತಿಳಿಸಿ. ಸತ್ತೆಯನ್ನು ನಾಯಿಗೆ ಎಸೆಯದೆ ಸುಣ್ಣ ಹಾಕಿ ಆಳವಾಗಿ ಹೂಳಿ. ಹೆಣ್ಣು ಕರುವಿಗೆ 4ರಿಂದ 8 ತಿಂಗಳ ಒಳಗೆ ಒಂದೇ ಸಲ ಹಾಕುವ ಲಸಿಕೆ ಇದೆ. ಅದನ್ನು ತಪ್ಪಿಸಬೇಡಿ.

ಹುಚ್ಚು ನಾಯಿ ರೋಗ ಇದಕ್ಕಿಂತ ಭಯದ್ದು. ಹಸು ಜೊಲ್ಲು ಸುರಿಸುತ್ತಿದೆ, ಮೇವು ನುಂಗುತ್ತಿಲ್ಲ, ಸುಮ್ಮನೆ ಅರಚುತ್ತಿದೆ. "ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಡಾಕ್ಟ್ರೇ, ಸ್ವಲ್ಪ ಕೈ ಹಾಕಿ ನೋಡಿ" ಎನ್ನುತ್ತೇವೆ. ಅದು ರೇಬೀಸ್ ಆಗಿದ್ದರೆ? ಹಿಂದಿನ ತಿಂಗಳುಗಳಲ್ಲಿ ಬೀದಿ ನಾಯಿ ಹಸುವನ್ನು ಕಚ್ಚಿದ್ದು ಗೊತ್ತಿದ್ದರೆ ಮೊದಲ ಮಾತಿಗೇ ಹೇಳಿಬಿಡಬೇಕು. ನೀವೂ ಬಾಯಿಗೆ ಕೈ ಹಾಕಬೇಡಿ. ನಾಯಿ ಕಚ್ಚಿದ ಜಾಗವನ್ನು, ಮನುಷ್ಯರದಾಗಲಿ ದನದ್ದಾಗಲಿ, ಸೋಪು ಹಾಕಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಕೂಡಲೇ ಲಸಿಕೆ ಹಾಕಿಸಬೇಕು. ರೋಗ ಕಾಣಿಸಿಕೊಂಡ ಮೇಲೆ ಯಾವ ಡಾಕ್ಟ್ರೂ ಉಳಿಸಲಾರರು.

ಹೊಲ ಕಾಯುವ ನಾಯಿಗೆ ವರ್ಷಕ್ಕೊಮ್ಮೆ ರೇಬೀಸ್ ಲಸಿಕೆ ಹಾಕಿಸಿ. ಅದು ನಾಯಿಯನ್ನೂ ಕಾಯುತ್ತದೆ, ಮನೆ ಮಕ್ಕಳನ್ನೂ ಕಾಯುತ್ತದೆ, ನಾಳೆ ಆ ನಾಯಿಯ ಕಾಲು ಹಿಡಿದು ಗಾಯಕ್ಕೆ ಹೊಲಿಗೆ ಹಾಕುವ ಡಾಕ್ಟ್ರನ್ನೂ ಕಾಯುತ್ತದೆ.

ಒಂದೇ ಸಾಲಿನಲ್ಲಿ ಲ್ಯಾಬ್ರಡಾರು, ಕುರಿ

ಈಗ ನಮ್ಮ ಕಡೆಯ ಪಶು ಆಸ್ಪತ್ರೆಗೆ ಹೋಗಿ ನೋಡಿ. ಅಪಾರ್ಟ್‌ಮೆಂಟಿನಿಂದ ಕಾರಿನಲ್ಲಿ ಬಂದ ಲ್ಯಾಬ್ರಡಾರು ಒಂದು ಕಡೆ, ಟೆಂಪೋದಲ್ಲಿ ಬಂದ ಕುಂಟು ಕುರಿ ಇನ್ನೊಂದು ಕಡೆ. ನಾಯಿಯ ಜೊತೆ ಬಂದ ಹುಡುಗಿ ಅಳುತ್ತಿರುತ್ತಾಳೆ. ಕುರಿ ಹೊತ್ತುಕೊಂಡು ಬಂದವನು ಅಳುವುದಿಲ್ಲ, ಬೀಡಿ ಹಚ್ಚುತ್ತಾನೆ. ಸಂಕಟ ಇಬ್ಬರಿಗೂ ಇರುತ್ತದೆ.

ಈ ನಾಯಿ ಸಾಕುವವರನ್ನು ನೋಡಿ ನಗುವುದು ನಮ್ಮಲ್ಲಿ ರೂಢಿ. ಆದರೆ ಅವರಿಂದ ಕಲಿಯುವುದೂ ಇದೆ. ನಾಯಿ ಹುಷಾರಾದ ಮೇಲೆ ಡಾಕ್ಟ್ರಿಗೆ ಫೋನ್ ಮಾಡಿ ಹೇಳುತ್ತಾರೆ. ಕಾರ್ಡು ಬರೆದು ಕೊಡುತ್ತಾರೆ, ನಾಯಿಯ ಫೋಟೋ ಕಳಿಸುತ್ತಾರೆ. ಲಸಿಕೆಯ ಪುಸ್ತಕ ಜೋಪಾನವಾಗಿ ತರುತ್ತಾರೆ. ನಾವೋ, ಹಸು ಹುಷಾರಾಯಿತು ಎಂದರೆ ಮುಗಿಯಿತು, ಮತ್ತೆ ಫೋನ್ ಮಾಡುವುದು ಮುಂದಿನ ಕಾಯಿಲೆಗೆ. ತಾವು ಕೊಟ್ಟ ಔಷಧಿ ಹಿಡಿಯಿತೋ ಇಲ್ಲವೋ ಎಂದು ಡಾಕ್ಟ್ರಿಗೆ ಗೊತ್ತಾಗುವುದು ಹೇಗೆ? "ಸಾರ್, ಹಸು ಮೇವು ತಿಂತಾ ಇದೆ" ಎನ್ನುವ ಒಂದು ಫೋನಿಗೆ ಎರಡು ನಿಮಿಷ ಸಾಕು. ಅದು ಥ್ಯಾಂಕ್ಸೂ ಹೌದು, ಡಾಕ್ಟ್ರಿಗೆ ಪಾಠವೂ ಹೌದು.

ಇಲ್ಲೊಂದು ಎಚ್ಚರದ ಮಾತೂ ಇದೆ. ಸೈಟುಗಳು ಹೆಚ್ಚಿದಂತೆ ಹಸು ಕಡಿಮೆ, ನಾಯಿ ಬೆಕ್ಕು ಜಾಸ್ತಿ. ಆಸ್ಪತ್ರೆಯ ದಾಖಲೆಯಲ್ಲಿ ದನ ಕಾಣಿಸದೆ ಹೋದರೆ, ಈ ಊರಿಗೆ ದನದ ಡಾಕ್ಟ್ರು ಯಾಕೆ ಎನ್ನುವ ಪ್ರಶ್ನೆ ನಾಳೆ ಬರಬಹುದು. ಪೇಟೆಯ ಖಾಸಗಿ ಕ್ಲಿನಿಕ್ಕುಗಳು ನಾಯಿ ನೋಡುತ್ತವೆ, ಕೊಟ್ಟಿಗೆಗೆ ಬರುವವರು ವಿರಳ. ಆದ್ದರಿಂದ ಸಣ್ಣ ಚಿಕಿತ್ಸೆಯಾದರೂ ಆಸ್ಪತ್ರೆಯ ಪುಸ್ತಕದಲ್ಲಿ ಬರೆಸಿ. ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿ ಬರೀ ವಿಮೆಗೆ ಅಂದುಕೊಳ್ಳಬೇಡಿ. ನಿಮ್ಮ ಊರಲ್ಲಿ ದನ ಇದೆ ಎನ್ನುವುದಕ್ಕೆ ಅದೇ ಸಾಕ್ಷಿ.

ಕೊಡುವುದಾದರೆ ಏನು ಕೊಡುವುದು?

ಸರ್ಕಾರಿ ನೌಕರರು ಬೆಲೆಬಾಳುವ ಉಡುಗೊರೆ ತೆಗೆದುಕೊಳ್ಳುವಂತಿಲ್ಲ. ಕೊಡಲು ಹೋಗಿ ಅವರನ್ನು ಇಕ್ಕಟ್ಟಿಗೆ ಸಿಕ್ಕಿಸಬಾರದು. ಕಾಸು ಜೇಬಿಗೆ ತುರುಕುವುದು ಕೃತಜ್ಞತೆ ಅಲ್ಲ, ನಾಳೆ ಕೊಡಲಾಗದ ಬಡವನಿಗೆ ಅದು ತೊಂದರೆ. ಖಾಸಗಿ ಡಾಕ್ಟ್ರಾದರೆ ಫೀಸನ್ನು ಚೌಕಾಶಿ ಮಾಡದೆ, ಬಾಕಿ ಇಡದೆ ಕೊಡಬೇಕು. ಅರ್ಧ ರಾತ್ರಿ ಗಾಡಿ ಓಡಿಸಿಕೊಂಡು ಬಂದವರಿಗೆ ಪೆಟ್ರೋಲೂ ಖರ್ಚಾಗುತ್ತದೆ, ನಿದ್ದೆಯೂ ಖರ್ಚಾಗುತ್ತದೆ.

ಸರ್ಕಾರಿ ಡಾಕ್ಟ್ರಿಗೆ ಕೊಡಬಹುದಾದ ಒಳ್ಳೆಯ ವಸ್ತು ಒಂದು ಕಾಗದ. ತಾಲ್ಲೂಕಿನ ಸಹಾಯಕ ನಿರ್ದೇಶಕರಿಗೋ ಜಿಲ್ಲೆಯ ಉಪನಿರ್ದೇಶಕರಿಗೋ ಬರೆಯಿರಿ. ಇಂಥ ದಿನ, ಇಂಥ ಊರಲ್ಲಿ, ಇಂಥ ಹಸುವಿಗೆ ಇವರು ಬಂದು ಚಿಕಿತ್ಸೆ ಕೊಟ್ಟರು, ಹಸು ಉಳಿಯಿತು ಎಂದು ನಾಲ್ಕು ಸಾಲು. ಒಂದು ಪ್ರತಿ ಡಾಕ್ಟ್ರಿಗೆ. ದೂರಿನ ಅರ್ಜಿ ಬರೆಯಲು ನಮಗೆಲ್ಲ ಬರುತ್ತದೆ. ಮೆಚ್ಚಿ ಬರೆದ ಅರ್ಜಿಯೂ ಫೈಲಿನಲ್ಲಿ ಉಳಿಯುತ್ತದೆ. ಗ್ರಾಮಸಭೆಯಲ್ಲಿ, ಡೇರಿಯ ಸರ್ವಸದಸ್ಯರ ಸಭೆಯಲ್ಲಿ ಎದ್ದು ನಿಂತು ಒಂದು ಮಾತು ಹೇಳಿದರೂ ಆಯಿತು.

ಡಾಕ್ಟ್ರ ಜೊತೆ ಬರುವ ಕಾಂಪೌಂಡರು, ಹಸು ಹಿಡಿಯುವ ಡಿ ಗ್ರೂಪ್ ನೌಕರ, ಹಳ್ಳಿಯ ಪಶು ಸಖಿ, 1962ಕ್ಕೆ ಫೋನ್ ಮಾಡಿದರೆ ಬರುವ ಗಾಡಿಯ ಡ್ರೈವರು. ಇವರ ಹೆಸರೂ ಆ ಕಾಗದದಲ್ಲಿರಲಿ. ಒದೆತದಲ್ಲಿ ಇವರದೂ ಪಾಲಿದೆ.

ಸಂಕ್ರಾಂತಿಗೆ ದನಗಳ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಸಂಜೆ ಕಿಚ್ಚು ಹಾಯಿಸುವ ಊರುಗಳು ಈಗಲೂ ಇವೆ. ಅವತ್ತು ಡಾಕ್ಟ್ರನ್ನು ಕರೆಯಿರಿ. ಎಳ್ಳು ಬೆಲ್ಲ ಕೊಡಿ, ಅವರೆಕಾಯಿ ಸಾರಿನ ಊಟ ಹಾಕಿ. ಕಾಯಿಲೆ ದನವನ್ನೇ ನೋಡಿ ನೋಡಿ ಸಾಕಾಗಿರುವವರು, ಅವರು ಉಳಿಸಿದ ದನ ಹೂವಿನ ಹಾರ ಹಾಕಿಕೊಂಡು ಓಡುವುದನ್ನು ಒಂದು ದಿನ ನೋಡಲಿ.

ಸೂಜಿಯ ದಿನ ಬಾಗಿಲು ತೆರೆದಿರಲಿ

2013ರಲ್ಲಿ ಬೆಂಗಳೂರು ಗ್ರಾಮಾಂತರ, ಕೋಲಾರ, ರಾಮನಗರದ ಕಡೆ ಕಾಲುಬಾಯಿ ಜ್ವರ ಬಂದು ಸಾವಿರಾರು ದನ ಸತ್ತದ್ದನ್ನು ಯಾರೂ ಮರೆತಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂತು, ದನಗಳ ಜಾತ್ರೆ ಸಂತೆಗಳನ್ನೇ ನಿಲ್ಲಿಸಬೇಕಾಯಿತು. ಎರಡೂ ಸಲ ಹಗಲು ರಾತ್ರಿ ಓಡಾಡಿದವರು ಪಶುವೈದ್ಯರು.

ಕಾಲುಬಾಯಿ ಜ್ವರಕ್ಕೆ 2019ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಮನೆ ಬಾಗಿಲಿಗೆ ಬಂದು ಸೂಜಿ ಹಾಕುತ್ತಾರೆ. ಆದರೂ "ಸೂಜಿ ಹಾಕಿಸಿದರೆ ಹಾಲು ಕಮ್ಮಿಯಾಗುತ್ತೆ" ಎಂದು ಕೊಟ್ಟಿಗೆ ಬಾಗಿಲು ಹಾಕಿಕೊಳ್ಳುವವರಿದ್ದಾರೆ. ಎರಡು ಮೂರು ದಿನ ಹಾಲು ಸ್ವಲ್ಪ ಇಳಿಯಬಹುದು, ನಿಜ. ರೋಗ ಬಂದರೆ ಆ ಸೂಲಿನ ಹಾಲೇ ಹೋಗುತ್ತದೆ, ಗಬ್ಬ ಇಳಿಯುತ್ತದೆ, ಹಸು ಮುಂದೆಯೂ ಏದುಸಿರು ಬಿಡುತ್ತಾ ಉಳಿಯಬಹುದು. ನಮ್ಮ ಒಂದು ಹಸು ತಪ್ಪಿಸಿಕೊಂಡರೆ ಬೀದಿಗೇ ರೋಗದ ದಾರಿ ತೆರೆದಂತೆ. ಸೂಜಿಯ ದಿನ ದನ ಮೇಯಲು ಬಿಡದೆ ಕಟ್ಟಿ ನಿಲ್ಲಿಸುವುದು ಡಾಕ್ಟ್ರಿಗೆ ಕೊಡುವ ದೊಡ್ಡ ಮರ್ಯಾದೆ.

ಹಸು ಸತ್ತ ದಿನ

ಕೊನೆಯದಾಗಿ, ಕಷ್ಟದ ಮಾತು. ಎಲ್ಲ ಹಸುವೂ ಉಳಿಯುವುದಿಲ್ಲ. ರಾತ್ರಿಯಿಡೀ ಕೂತರೂ, ಕರು ಅಡ್ಡ ಬಿದ್ದು ತಾಯಿಯೂ ಹೋಗುತ್ತದೆ. ಆಗ ಜನ ಸೇರಿ ಡಾಕ್ಟ್ರ ಮೇಲೆ ಕೂಗಾಡುವುದುಂಟು. ಹಸು ಮೂರು ದಿನ ಬಿದ್ದಿದ್ದು ಆಗ ಯಾರ ನೆನಪಿಗೂ ಬರುವುದಿಲ್ಲ, ಕೊನೆಗೆ ಬಂದವರ ಕೈ ಮಾತ್ರ ಕಾಣುತ್ತದೆ.

ಉಳಿದ ಹಸುವಿಗೆ ಥ್ಯಾಂಕ್ಸ್ ಹೇಳುವುದು ಸುಲಭ. ಸತ್ತ ಹಸುವಿನ ಪಕ್ಕ ನಿಂತು, "ನೀವು ಮಾಡೋದೆಲ್ಲ ಮಾಡಿದ್ರಿ ಸಾರ್, ನಮ್ಮ ಹಣೇಲಿ ಇಷ್ಟೇ ಇತ್ತು" ಎಂದು ಕೈ ತೊಳೆಯಲು ನೀರು ಕೊಡುವುದು ದೊಡ್ಡದು. ಆಮೇಲೆ ಕೂಡಲೇ ಹೂಳಲು ಅವಸರ ಮಾಡದೆ ಸಾವಿಗೆ ಕಾರಣ ಕೇಳಿ, ಪರೀಕ್ಷೆ ಮಾಡಿ ಎಂದರೆ ಒಪ್ಪಿಕೊಳ್ಳಿ. ವಿಮೆ ಇದ್ದರೆ ಕಿವಿ ಓಲೆ ತೆಗೆಯಬೇಡಿ. ಸತ್ತ ಹಸುವಿನಿಂದ ಕಲಿತದ್ದು ಪಕ್ಕದ ಮನೆಯ ಹಸುವನ್ನು ಉಳಿಸಬಹುದು.

ಕೊಟ್ಟಿಗೆಯ ಗೋಡೆಗೆ ಬರೆದಿಡಿ

• ಬೆದೆ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮಾರನೇ ಬೆಳಿಗ್ಗೆ ಸೂಜಿ. ಕಂಡ ಹೊತ್ತನ್ನು ಸರಿಯಾಗಿ ಹೇಳಿ.

• ಈದ ದಿನ, ಸೂಜಿ ಹಾಕಿಸಿದ ದಿನ, ಕೊಟ್ಟ ಔಷಧಿ, ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

• ಡಾಕ್ಟ್ರು ಬರುವ ಮೊದಲೇ ಹಸು ಕಟ್ಟಿ, ಲೈಟು ಹಾಕಿ, ಬಿಸಿನೀರು, ಸೋಪು, ಒಗೆದ ಟವೆಲು ಇಡಿ. ಹಿಡಿಯಲು ಒಬ್ಬ ಗಟ್ಟಿ ಆಳು ಇರಲಿ.

• ಹಸು ನೋಡಿಕೊಳ್ಳುವ ಹೆಂಗಸರೇ ಡಾಕ್ಟ್ರ ಹತ್ತಿರ ಮಾತಾಡಲಿ. ನಿಜ ಸಂಗತಿ ಅವರಿಗೇ ಗೊತ್ತಿರುವುದು.

• ಆ್ಯಂಟಿಬಯಾಟಿಕ್ ಕೊಟ್ಟ ಹಸುವಿನ ಹಾಲನ್ನು ಡಾಕ್ಟ್ರು ಹೇಳಿದಷ್ಟು ದಿನ ಡೇರಿಗೆ ಹಾಕಬೇಡಿ.

• ನೋವಿನ ಔಷಧಿಯನ್ನು ಚೀಟಿ ಇಲ್ಲದೆ ಅಂಗಡಿಯಿಂದ ತರಬೇಡಿ. ರಣಹದ್ದುಗಳನ್ನು ಕೊಂದ ಡೈಕ್ಲೋಫೆನಾಕ್ ದನಗಳಿಗೆ 2006ರಿಂದಲೇ ನಿಷೇಧ.

• ಹಗಲು ಹೇಳಬಹುದಾದ ಕಾಯಿಲೆಯನ್ನು ರಾತ್ರಿಗೆ ಇಟ್ಟುಕೊಳ್ಳಬೇಡಿ.

• ಹುಷಾರಾದ ಮೇಲೆ ಒಂದು ಫೋನ್ ಮಾಡಿ.